ವಜ್ರ ಸಿಗುವ ಮೊದಲೇ ಆದ ತೀರ್ಮಾನ

ದಕ್ಷಿಣ ಆಫ್ರಿಕಾದ ಮಗ್ಗುಲಲ್ಲಿ ಬ್ರಿಟಿಷರ ಕೈಯಲ್ಲಿ ಮೂರು ಪ್ರದೇಶಗಳಿದ್ದವು: ಬೆಚುವಾನಾಲ್ಯಾಂಡ್, ಬಸುಟೊಲ್ಯಾಂಡ್ ಮತ್ತು ಸ್ವಾಜಿಲ್ಯಾಂಡ್. ಮೂರರ ಮೇಲ್ವಿಚಾರಣೆಯೂ ಒಬ್ಬನೇ ಹೈಕಮಿಷನರನದು. ಮೂರರಲ್ಲೂ ಒಂದೊಂದು ಪ್ರಬಲ ಭಾಷೆ, ಹಳೆಯ ಅರಸುಮನೆತನಗಳು. ಬದುಕಿಗೆ ಆಧಾರವಾಗಿದ್ದದ್ದು ದನಕರು, ಮತ್ತು ಗಂಡಸರು ದಕ್ಷಿಣ ಆಫ್ರಿಕಾದ ಗಣಿಗಳಲ್ಲಿ ದುಡಿದು ಮನೆಗೆ ಕಳಿಸುತ್ತಿದ್ದ ಕೂಲಿ. 1966ರಿಂದ 1968ರೊಳಗೆ ಮೂರೂ ಸ್ವತಂತ್ರವಾದವು. ಹತ್ತು ವರ್ಷ ತುಂಬುವ ಮೊದಲೇ ಅವುಗಳ ದಾರಿಗಳು ಬೇರೆಬೇರೆಯಾಗಿದ್ದವು. ಬಸುಟೊಲ್ಯಾಂಡ್ ಲೆಸೊಥೊ ಆಯಿತು. ಅಲ್ಲಿ 1970ರ ಚುನಾವಣೆಯಲ್ಲಿ ಸೋಲುತ್ತಿದ್ದೇನೆಂದು ಕಂಡ ಪ್ರಧಾನಿ ಲೆಯಾಬುವಾ ಜೊನಾಥನ್ ಚುನಾವಣೆಯನ್ನೇ ರದ್ದು ಮಾಡಿ, ಸಂವಿಧಾನವನ್ನು ಅಮಾನತಿನಲ್ಲಿಟ್ಟ. ಸ್ವಾಜಿಲ್ಯಾಂಡಿನ ದೊರೆ ಎರಡನೇ ಸೊಬುಜಾ 1973ರಲ್ಲಿ ಸಂವಿಧಾನವನ್ನು ಕಿತ್ತುಹಾಕಿ, ರಾಜಕೀಯ ಪಕ್ಷಗಳನ್ನು ನಿಷೇಧಿಸಿ, ಸಕಲ ಅಧಿಕಾರವನ್ನೂ ತನ್ನ ಕೈಗೆ ತೆಗೆದುಕೊಂಡ. ಬೆಚುವಾನಾಲ್ಯಾಂಡ್ ಮಾತ್ರ ಬೋಟ್ಸ್ವಾನಾ ಎಂಬ ಹೊಸ ಹೆಸರು ಹೊತ್ತು, ಐದು ವರ್ಷಕ್ಕೊಮ್ಮೆ ತಪ್ಪದೆ ಚುನಾವಣೆ ನಡೆಸುತ್ತ ಬಂತು. ಮುಂದಿನ ಮೂರು ದಶಕಗಳ ಕಾಲ ಜಗತ್ತಿನಲ್ಲೇ ಅತಿ ವೇಗವಾಗಿ ಬೆಳೆದ ಆರ್ಥಿಕತೆಗಳ ಸಾಲಿನಲ್ಲಿ ಅದು ಮುಂದೆ ನಿಂತಿತ್ತು.

ಈ ವ್ಯತ್ಯಾಸಕ್ಕೆ ಕಾರಣ ಕೇಳಿದರೆ ಥಟ್ಟನೆ ಬರುವ ಉತ್ತರ ವಜ್ರ. ನೆಲದಡಿ ನಿಧಿ ಸಿಕ್ಕಿತು, ದೇಶ ಉದ್ಧಾರವಾಯಿತು ಎಂಬ ಈ ಉತ್ತರ ಸುಲಭವಾದದ್ದು; ಆದರೆ ಅರ್ಧ ಮಾತ್ರ ನಿಜ. ವಜ್ರ ಸಿಯೆರಾ ಲಿಯೋನ್‌ನಲ್ಲೂ ಇತ್ತು, ಕಾಂಗೋದಲ್ಲೂ ಅಂಗೋಲಾದಲ್ಲೂ ಇತ್ತು. ಅಲ್ಲಿ ಅದೇ ಕಲ್ಲು ಬಂದೂಕು ಕೊಂಡಿತು, ಸೇನೆ ಸಾಕಿತು, ಊರು ಸುಟ್ಟಿತು. ನೆಲದಡಿಯ ಸಂಪತ್ತು ವರವಾಗುವುದೋ ಶಾಪವಾಗುವುದೋ ಎಂಬುದು, ಅದು ಯಾರಿಗೆ ಸೇರಿದ್ದು ಎಂಬ ಪ್ರಶ್ನೆ ಯಾವಾಗ ಇತ್ಯರ್ಥವಾಯಿತು ಎಂಬುದನ್ನು ಅವಲಂಬಿಸಿದೆ. ಬೋಟ್ಸ್ವಾನಾದಲ್ಲಿ ಆ ಪ್ರಶ್ನೆಗೆ ಉತ್ತರ ವಜ್ರ ಸಿಗುವ ಮೊದಲೇ ಸಿದ್ಧವಾಗಿತ್ತು. ಆ ಉತ್ತರ ಕೊಟ್ಟ ಸೆರೆಟ್ಸೆ ಖಾಮಾ, ಆ ನಾಡಿನ ಅತಿ ದೊಡ್ಡ ಅರಸುಮನೆತನದ ವಾರಸುದಾರರು. ತಮ್ಮ ಕುಲದ ಸಂಪತ್ತನ್ನು ದೇಶಕ್ಕೆ ಒಪ್ಪಿಸುವ ಮನಸ್ಸು ಅವರಿಗೆ ಬಂದದ್ದು ಔದಾರ್ಯದಿಂದ ಮಾತ್ರ ಎಂದು ನನಗೆ ಅನ್ನಿಸುವುದಿಲ್ಲ. ಗದ್ದುಗೆ ಎಷ್ಟು ದುರ್ಬಲ ಎಂಬುದನ್ನು ಅವರು ಆರು ವರ್ಷಗಳ ಗಡೀಪಾರಿನಲ್ಲಿ ಅನುಭವಿಸಿ ತಿಳಿದಿದ್ದರು. ಬೋಟ್ಸ್ವಾನಾದ ರಾಜಕೀಯದ ಬೇರು ಇರುವುದು ಆ ಅನುಭವದಲ್ಲಿ.

ಸೆರೆಟ್ಸೆ ಹುಟ್ಟಿದ್ದು 1921ರ ಜುಲೈ 1ರಂದು, ಬಮಂಗ್ವಾಟೊ ಕುಲದ ರಾಜಧಾನಿ ಸೆರೋವೆಯಲ್ಲಿ. ಅಜ್ಜ ಮೂರನೇ ಖಾಮಾ ಆ ಭಾಗದ ಹೆಸರಾಂತ ಅರಸ. ತಂದೆ ಸೆಕ್ಗೊಮಾ 1925ರಲ್ಲಿ ತೀರಿಕೊಂಡಾಗ ಮಗುವಿಗೆ ನಾಲ್ಕು ವರ್ಷ. ಚಿಕ್ಕಪ್ಪ ಟ್ಷೆಕೆಡಿ ಖಾಮಾ ರಾಜಪ್ರತಿನಿಧಿಯಾಗಿ ಆಡಳಿತ ವಹಿಸಿಕೊಂಡು ಹುಡುಗನನ್ನು ಮಗನಂತೆ ಬೆಳೆಸಿದ. ದಕ್ಷಿಣ ಆಫ್ರಿಕಾದ ಫೋರ್ಟ್ ಹೇರ್ ಕಾಲೇಜಿನಲ್ಲಿ ಪದವಿ ಮುಗಿಸಿದ ಸೆರೆಟ್ಸೆ 1945ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿಂದ ಬ್ಯಾರಿಸ್ಟರ್ ಓದಿಗೆಂದು ಲಂಡನ್ನಿಗೆ. 1947ರಲ್ಲಿ ಅವರಿಗೆ ರುತ್ ವಿಲಿಯಮ್ಸ್ ಪರಿಚಯವಾಯಿತು. ಯುದ್ಧಕಾಲದಲ್ಲಿ ವಾಯುಪಡೆಯ ಮಹಿಳಾ ವಿಭಾಗದಲ್ಲಿ ದುಡಿದಿದ್ದ ಆಕೆ ಆಗ ಲಾಯ್ಡ್ಸ್ ವಿಮಾ ಸಂಸ್ಥೆಯಲ್ಲಿ ಗುಮಾಸ್ತೆ. ಇಬ್ಬರೂ ಮದುವೆಯಾಗಲು ನಿರ್ಧರಿಸಿದಾಗ ಲಂಡನ್ನಿನ ಬಿಷಪ್ ಚರ್ಚಿನಲ್ಲಿ ಮದುವೆಗೆ ಒಪ್ಪಲಿಲ್ಲ. 1948ರ ಸೆಪ್ಟೆಂಬರ್ 29ರಂದು ಕೆನ್ಸಿಂಗ್ಟನ್ನಿನ ನೋಂದಣಿ ಕಚೇರಿಯಲ್ಲಿ ಮದುವೆ ನಡೆಯಿತು. ಅದೇ ವರ್ಷದ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನ್ಯಾಷನಲ್ ಪಾರ್ಟಿ ಗೆದ್ದು ವರ್ಣಭೇದವನ್ನು ಸರ್ಕಾರದ ನೀತಿಯಾಗಿ ಕಟ್ಟತೊಡಗಿತ್ತು. ಮರುವರ್ಷ ಬಿಳಿಯರು ಮತ್ತು ಬಿಳಿಯರಲ್ಲದವರ ನಡುವಿನ ಮದುವೆ ಅಲ್ಲಿ ಅಪರಾಧವಾಯಿತು. ಅದರ ಗಡಿಗೆ ಅಂಟಿದ ನಾಡಿನ ಭಾವಿ ಅರಸ ಬಿಳಿಯ ಹೆಣ್ಣನ್ನು ಕೈಹಿಡಿದಿದ್ದ.

ಮೊದಲು ಮುನಿದದ್ದು ಮನೆಯವರೇ. ಕುಲದ ಹಿರಿಯರನ್ನು ಕೇಳದೆ ಅರಸ ಮದುವೆಯಾಗುವುದು ಸಂಪ್ರದಾಯಕ್ಕೆ ವಿರುದ್ಧ ಎಂಬುದು ಟ್ಷೆಕೆಡಿಯ ಆಕ್ಷೇಪ. ಅದು ಬರಿಯ ಹಟವೇನೂ ಆಗಿರಲಿಲ್ಲ. ಅರಸನ ಮದುವೆ ಅಲ್ಲಿ ನಿಜಕ್ಕೂ ಸಾರ್ವಜನಿಕ ವಿಷಯ. ಅದರ ತೀರ್ಮಾನ ನಡೆಯಬೇಕಾದದ್ದು ಕ್ಗೋಟ್ಲಾದಲ್ಲಿ, ಅಂದರೆ ಮರದ ದಿಮ್ಮಿಗಳ ಬೇಲಿ ಹಾಕಿದ ಬಯಲಿನಲ್ಲಿ ಕುಲದ ಗಂಡಸರೆಲ್ಲ ಸೇರಿ ಮಾತಾಡುವ ಸಭೆಯಲ್ಲಿ. ಅರಸನ ಎದುರಿಗೇ ಯಾರು ಬೇಕಾದರೂ ಎದ್ದು ನಿಂತು ಟೀಕಿಸಬಹುದಾದ ಜಾಗ ಅದು. 1948ರ ಕೊನೆಯಲ್ಲಿ ನಡೆದ ಎರಡು ಸಭೆಗಳಲ್ಲಿ ಹೆಚ್ಚಿನವರು ಮದುವೆಯನ್ನು ವಿರೋಧಿಸಿದರು. ಆದರೆ ತಿಂಗಳುಗಳು ಉರುಳಿದಂತೆ, ಚಿಕ್ಕಪ್ಪನಿಗೇ ಗದ್ದುಗೆಯ ಮೇಲೆ ಕಣ್ಣಿರಬಹುದೆಂಬ ಅನುಮಾನ ಜನರಲ್ಲಿ ಬಲಿಯಿತು. 1949ರ ಜೂನ್‌ನಲ್ಲಿ ಮೂರನೆಯ ಸಭೆ ಸೇರಿತು. ಮಾತುಗಳೆಲ್ಲ ಮುಗಿದ ಮೇಲೆ ಸೆರೆಟ್ಸೆ, ತಮ್ಮ ಹೆಂಡತಿಯನ್ನು ಒಪ್ಪದವರು ಎದ್ದು ನಿಲ್ಲಲಿ ಎಂದರು. ಎದ್ದವರು ನಲವತ್ತರ ಆಸುಪಾಸು, ಹೆಚ್ಚಿನವರು ಹಿರಿಯರು ಮತ್ತು ಅರಸುಮನೆಯ ಬಂಧುಗಳು. ಒಪ್ಪುವವರು ಏಳಲಿ ಎಂದಾಗ ಸಾವಿರಾರು ಜನ ಒಟ್ಟಿಗೆ ಎದ್ದು ಜೈಕಾರ ಹಾಕಿದರು. ಟ್ಷೆಕೆಡಿ ಸೋಲನ್ನು ಒಪ್ಪಿಕೊಂಡು, ತನ್ನ ಬೆಂಬಲಿಗರೊಂದಿಗೆ ನೆರೆಯ ಕುಲದ ನೆಲಕ್ಕೆ ಹೊರಟುಹೋದ. ಸಂಪ್ರದಾಯದ ಪ್ರಕಾರವೇ ವ್ಯಾಜ್ಯ ಮುಗಿದಿತ್ತು.

ಅಲ್ಲಿಗೆ ಮುಗಿಯಲು ಬಿಡದಿದ್ದದ್ದು ಲಂಡನ್. ಯುದ್ಧದಿಂದ ಬಸವಳಿದಿದ್ದ ಬ್ರಿಟನ್‌ಗೆ ದಕ್ಷಿಣ ಆಫ್ರಿಕಾದ ಚಿನ್ನ ಬೇಕಿತ್ತು. ಅಣ್ವಸ್ತ್ರಕ್ಕೆ ಅಲ್ಲಿನ ಯುರೇನಿಯಂ ಬೇಕಿತ್ತು. ಮೇಲಾಗಿ, ಸಿಟ್ಟಿಗೆದ್ದ ದಕ್ಷಿಣ ಆಫ್ರಿಕಾ ಈ ಮೂರು ಪ್ರದೇಶಗಳನ್ನೇ ನುಂಗಿಬಿಡಬಹುದೆಂಬ ಭಯ. ಆಟ್ಲಿಯವರ ಲೇಬರ್ ಸರ್ಕಾರ, ಸೆರೆಟ್ಸೆ ಪಟ್ಟಕ್ಕೆ ಅರ್ಹರೇ ಎಂದು ನೋಡಲು ನ್ಯಾಯಾಧೀಶ ವಾಲ್ಟರ್ ಹ್ಯಾರಗಿನ್ ನೇತೃತ್ವದಲ್ಲಿ ವಿಚಾರಣೆ ನಡೆಸಿತು. ವರದಿ ಮುಜುಗರ ತಂದಿತು. ಮದುವೆಯೊಂದನ್ನು ಬಿಟ್ಟರೆ ಈ ವ್ಯಕ್ತಿ ಎಲ್ಲ ರೀತಿಯಲ್ಲೂ ಯೋಗ್ಯ, ಅಡ್ಡಿ ಇರುವುದು ನೆರೆಯ ಬಿಳಿಯ ಸರ್ಕಾರಗಳ ಹಗೆತನದಿಂದ ಎಂಬುದು ಅದರ ಸಾರ. ಸರ್ಕಾರ ಅದನ್ನು ಮುಚ್ಚಿಟ್ಟಿತು. ಮೂರು ದಶಕಗಳ ಕಾಲ ಅದು ಹೊರಗೆ ಬರಲಿಲ್ಲ. 1950ರ ಫೆಬ್ರುವರಿಯಲ್ಲಿ ಸೆರೆಟ್ಸೆಯವರನ್ನು ಮಾತುಕತೆಗೆಂದು ಲಂಡನ್ನಿಗೆ ಕರೆಸಿ, ಪಟ್ಟದ ಹಕ್ಕು ಬಿಟ್ಟುಕೊಟ್ಟರೆ ವರ್ಷಕ್ಕೆ 1,100 ಪೌಂಡ್ ಕೊಡುವುದಾಗಿ ಹೇಳಿದರು. ಅವರು ಒಪ್ಪಲಿಲ್ಲ. ಐದು ವರ್ಷ ನಾಡಿಗೆ ಕಾಲಿಡಕೂಡದು ಎಂಬ ಆಜ್ಞೆ ಹೊರಟಿತು. ಅದನ್ನು ಸಾರಲು ಹೈಕಮಿಷನರ್ ಈವ್ಲಿನ್ ಬೇರಿಂಗ್ ಪೂರ್ತಿ ಸಮವಸ್ತ್ರ ತೊಟ್ಟು ಸೆರೋವೆಗೆ ಬಂದಾಗ ಕ್ಗೋಟ್ಲಾ ಖಾಲಿಯಿತ್ತು. ಕುಲಕ್ಕೆ ಕುಲವೇ ಸಭೆಯನ್ನು ಬಹಿಷ್ಕರಿಸಿತ್ತು. ವಿರೋಧ ಪಕ್ಷದಲ್ಲಿದ್ದಾಗ ಈ ವ್ಯವಹಾರವನ್ನು ಹಳಿದಿದ್ದ ಚರ್ಚಿಲ್ ಅಧಿಕಾರಕ್ಕೆ ಬಂದದ್ದೇ, 1952ರಲ್ಲಿ ಅವರ ಸರ್ಕಾರ ನಿಷೇಧವನ್ನು ಶಾಶ್ವತಗೊಳಿಸಿತು.

ಸೆರೆಟ್ಸೆ ಮತ್ತು ರುತ್ ಇಂಗ್ಲೆಂಡಿನಲ್ಲಿ ಸಂಸಾರ ಹೂಡಿದರು. ವೆಸ್ಟ್ ಇಂಡೀಸ್ ಕ್ರಿಕೆಟಿಗ ಲಿಯರಿ ಕಾನ್‌ಸ್ಟಂಟೈನ್, ಸಂಸದರಾದ ಫೆನ್ನರ್ ಬ್ರಾಕ್‌ವೇ, ಟೋನಿ ಬೆನ್ ಅವರ ಪರವಾಗಿ ದನಿಯೆತ್ತಿದರು. ಇತ್ತ ಬಮಂಗ್ವಾಟೊ ಜನ ಬೇರೊಬ್ಬ ಅರಸನನ್ನು ಆರಿಸಲು ಖಂಡತುಂಡವಾಗಿ ನಿರಾಕರಿಸಿದರು. ಕೊನೆಗೆ 1956ರಲ್ಲಿ ಟ್ಷೆಕೆಡಿ ಮತ್ತು ಸೆರೆಟ್ಸೆ ರಾಜಿಯಾಗಿ, ಇಬ್ಬರೂ ಪಟ್ಟದ ಹಕ್ಕು ತೊರೆದು, ಸಾಮಾನ್ಯ ಪ್ರಜೆಗಳಾಗಿ ಊರು ಸೇರಿದರು. ಈ ಆರು ವರ್ಷ ಕಲಿಸಿದ್ದೇನೆಂದು ಸೆರೆಟ್ಸೆಯವರ ಮುಂದಿನ ನಡೆಗಳಿಂದಲೇ ಊಹಿಸಬೇಕು. ಬಹುಪಾಲು ಜನ ಒಪ್ಪಿದ ಅರಸನನ್ನು ದೂರದ ಕಚೇರಿಯೊಂದರ ಆಜ್ಞೆ ಕೆಳಗಿಳಿಸಬಲ್ಲದು. ಹಾಗಿದ್ದಮೇಲೆ ವಂಶದ ಹಕ್ಕಾಗಲಿ ಕುಲದ ನಿಷ್ಠೆಯಾಗಲಿ ಆಸರೆಯಾಗಲಾರದು. ಒಂದು ಕುಲ ಎಷ್ಟೇ ಒಗ್ಗಟ್ಟಾಗಿದ್ದರೂ ಮಗ್ಗುಲಿನ ಬಲಾಢ್ಯ ದೇಶದ ಎದುರು ನಿಲ್ಲಲಾರದು. ನಿಲ್ಲಬೇಕಾದರೆ ಎಲ್ಲ ಕುಲಗಳೂ ಕೂಡಿದ ಒಂದು ದೇಶ ಬೇಕು. ಮೈಬಣ್ಣದ ಹೆಸರಿನಲ್ಲಿ ತಮಗಾದ ಅನ್ಯಾಯಕ್ಕೆ ಪ್ರತಿಯಾಗಿ ಅವರು ಬಿಳಿಯರ ಮೇಲೆ ಹಗೆ ಸಾಧಿಸಲಿಲ್ಲ; ಬಣ್ಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಪೌರತ್ವವನ್ನು ತಮ್ಮ ರಾಜಕೀಯದ ಮೊದಲ ಸೂತ್ರ ಮಾಡಿಕೊಂಡರು.

1960ರ ದಶಕದ ಆರಂಭದಲ್ಲಿ ಕ್ವೆಟ್ ಮಸೀರೆಯವರ ಜೊತೆಗೂಡಿ ಕಟ್ಟಿದ ಡೆಮಾಕ್ರಟಿಕ್ ಪಾರ್ಟಿ, 1965ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ 31 ಸ್ಥಾನಗಳಲ್ಲಿ 28ನ್ನು ಗೆದ್ದಿತು. ಗೆದ್ದು ಪಡೆದ ನಾಡು ಹೇಗಿತ್ತು? ಬ್ರಿಟಿಷರು ಅದನ್ನು ಆಳುತ್ತಿದ್ದದ್ದು ಗಡಿಯಾಚೆಯ ಮಾಫೆಕಿಂಗ್‌ನಿಂದ. ನಾಡಿನೊಳಗೆ ಒಂದು ರಾಜಧಾನಿಯೂ ಇರಲಿಲ್ಲ. ಗಾಬೊರೋನ್ ನಗರವನ್ನು ಹೊಸದಾಗಿ ಕಟ್ಟಬೇಕಾಯಿತು. 1966ರ ಸೆಪ್ಟೆಂಬರ್ 30ರಂದು ಸ್ವಾತಂತ್ರ್ಯ ಬಂದಾಗ ಸುಮಾರು 5.8 ಲಕ್ಷ ಚದರ ಕಿಲೋಮೀಟರ್ ವಿಸ್ತಾರದ ಆ ದೇಶದಲ್ಲಿ ಡಾಂಬರು ರಸ್ತೆ ಇದ್ದದ್ದು 12 ಕಿಲೋಮೀಟರ್. ವಿಶ್ವವಿದ್ಯಾಲಯದ ಪದವೀಧರರು 22 ಮಂದಿ. ವರ್ಷಗಟ್ಟಲೆ ಬರ ಬಿದ್ದು ಲಕ್ಷಗಟ್ಟಲೆ ದನಗಳು ಸತ್ತಿದ್ದವು. ಪರಿಹಾರದ ಧಾನ್ಯದ ಮೇಲೆ ಜನ ಬದುಕಿದ್ದರು. ಸರ್ಕಾರದ ದಿನನಿತ್ಯದ ಖರ್ಚಿಗೂ ಬ್ರಿಟನ್ನಿನ ಅನುದಾನಕ್ಕೆ ಕೈಚಾಚಬೇಕಿತ್ತು. ಸುತ್ತಲೂ ಬಿಳಿಯರ ಆಳ್ವಿಕೆಯ ದಕ್ಷಿಣ ಆಫ್ರಿಕಾ, ಅದರ ಕೈಯೊಳಗಿನ ನೈಋತ್ಯ ಆಫ್ರಿಕಾ, ರೊಡೇಷಿಯಾ. ಸ್ವತಂತ್ರ ಆಫ್ರಿಕಾದ ಸಂಪರ್ಕ ಇದ್ದದ್ದು ಉತ್ತರದ ಕಜುಂಗುಲಾದಲ್ಲಿ ಜಾಂಬೆಜಿ ನದಿ ದಾಟಿ ಜಾಂಬಿಯಾಕ್ಕೆ ಹೋಗುವ ಒಂದು ದೋಣಿಗಟ್ಟೆಯಲ್ಲಿ ಮಾತ್ರ.

ನಿರ್ಣಾಯಕ ತೀರ್ಮಾನ ಆದದ್ದು ಈ ಬಡತನದ ನಡುವೆ. ಅಲ್ಲಿಯವರೆಗೆ ಆಯಾ ಕುಲದ ನೆಲದಡಿಯ ಖನಿಜ ಆಯಾ ಕುಲದ್ದೇ ಆಗಿತ್ತು. ಗಣಿ ಕಂಪನಿಗಳು ಒಪ್ಪಂದ ಮಾಡಿಕೊಳ್ಳುತ್ತಿದ್ದದ್ದು ಅರಸರ ಜೊತೆ. ಈ ಹಕ್ಕು ಇಡೀ ದೇಶದ್ದಾಗಬೇಕು ಎಂದು ಸೆರೆಟ್ಸೆಯವರ ಪಕ್ಷ ಚುನಾವಣೆಗೆ ಮೊದಲೇ ಹೇಳಿತ್ತು. 1967ರ ಗಣಿ ಮತ್ತು ಖನಿಜ ಕಾಯ್ದೆ ಅದನ್ನು ಕಾನೂನಾಗಿಸಿತು. ಅದೇ ವರ್ಷ, ಹನ್ನೆರಡು ವರ್ಷಗಳಿಂದ ಕಲಹಾರಿಯ ಮರಳು ಜಾಲಾಡುತ್ತಿದ್ದ ಡಿ ಬಿಯರ್ಸ್ ಕಂಪನಿಯ ಭೂವಿಜ್ಞಾನಿಗಳಿಗೆ ಒರಾಪಾದಲ್ಲಿ ವಜ್ರದ ನಿಕ್ಷೇಪ ಸಿಕ್ಕಿತು. ಒರಾಪಾ ಇದ್ದದ್ದು ಬಮಂಗ್ವಾಟೊ ನೆಲದಲ್ಲಿ. ಹಳೆಯ ಪದ್ಧತಿಯೇ ಮುಂದುವರಿದಿದ್ದರೆ ಅದರ ಪಾಲು ಖಾಮಾ ಮನೆತನದ ಕುಲಕ್ಕೆ ಸೇರುತ್ತಿತ್ತು. ಉಳಿದ ಕುಲಗಳು ಕೈಕಟ್ಟಿ ನೋಡಬೇಕಿತ್ತು. ಆಮೇಲಿನ ಕಥೆ ಕಟಾಂಗಾದ ತಾಮ್ರಕ್ಕಾಗಿ ಒಡೆದ ಕಾಂಗೋದ ಕಥೆಗಿಂತ ಬೇರೆಯಾಗುತ್ತಿತ್ತೆಂದು ನಂಬಲು ಕಾರಣವಿಲ್ಲ. ಸ್ವಾಜಿಲ್ಯಾಂಡಿನಲ್ಲಿ 1968ರ ಸಂವಿಧಾನ ಖನಿಜವನ್ನು ದೊರೆಯ ವಶಕ್ಕೆ ಒಪ್ಪಿಸಿತು. ರಾಯಧನ ಸಂಸತ್ತಿನ ಹಿಡಿತಕ್ಕೆ ಸಿಗದ ಅರಮನೆಯ ನಿಧಿಗೆ ಹರಿಯಿತು. ಒಬ್ಬನೇ ಹೈಕಮಿಷನರ್ ಆಳಿದ ಎರಡು ನಾಡುಗಳ ದಾರಿ ಸೀಳಿದ್ದು ಇಲ್ಲಿ.

ವಜ್ರ ಇದೆಯೆಂದು ಗೊತ್ತಿಲ್ಲದಾಗ ಅದರ ಹಕ್ಕು ಬಿಡುವುದು ಯಾವ ದೊಡ್ಡ ತ್ಯಾಗ ಎಂದು ಕೇಳಬಹುದು. ಆದರೆ ಬಮಂಗ್ವಾಟೊ ನೆಲ ಬರಿದು ಎಂದು ಯಾರೂ ಭಾವಿಸಿರಲಿಲ್ಲ. 1959ರಲ್ಲಿ ಟ್ಷೆಕೆಡಿ ತಾಮ್ರದ ಶೋಧಕ್ಕಾಗಿ ರೊಡೇಷಿಯನ್ ಸೆಲೆಕ್ಷನ್ ಟ್ರಸ್ಟ್ ಜೊತೆ ಕುಲದ ಪರವಾಗಿ ಒಪ್ಪಂದ ಮಾಡಿಕೊಂಡಿದ್ದ. ಸೆಲೆಬಿ ಮತ್ತು ಪಿಕ್ವೆಯ ತಾಮ್ರ-ನಿಕ್ಕಲ್ ನಿಕ್ಷೇಪ ಇದ್ದದ್ದೂ ಆ ನೆಲದಲ್ಲೇ. ಬಿಟ್ಟುಕೊಟ್ಟದ್ದು ಏನೆಂದು ಕುಲದವರಿಗೆ ಗೊತ್ತಿತ್ತು. ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು ಇನ್ನೊಂದಿದೆ: ಸಂಪತ್ತಿನ ಪ್ರಮಾಣ ಖಚಿತವಾಗಿ ತಿಳಿದ ಮೇಲೆ ನಿಯಮ ಮಾಡಲು ಹೊರಟರೆ ಪ್ರತಿಯೊಬ್ಬನೂ ತನ್ನ ಪಾಲನ್ನು ಎಣಿಸಿಯೇ ಮಾತಾಡುತ್ತಾನೆ. ತೀರ್ಮಾನ ಮೊದಲೇ ಆಗಿದ್ದರಿಂದ ಜಗಳಕ್ಕೆ ಆಸ್ಪದವೇ ಉಳಿಯಲಿಲ್ಲ. ಅಷ್ಟಕ್ಕೂ ಇದನ್ನು ಮಾಡಿ ತೋರಿಸಬಲ್ಲವರು ಒಬ್ಬರೇ ಇದ್ದರು. ಅತಿ ದೊಡ್ಡ ಕುಲದ ವಾರಸುದಾರನೇ ಮೊದಲು ಕೊಟ್ಟ ಮೇಲೆ ಉಳಿದ ಅರಸರು ಹಿಂಜರಿಯಲು ನೆಪ ಸಿಗುವುದಿಲ್ಲ.

ದೊರೆತದ್ದನ್ನು ಸೆರೆಟ್ಸೆ ಜಾಣತನದಿಂದಲೇ ಬಳಸಿದರು. 1969ರಲ್ಲಿ ಗಣಿ ಕಂಪನಿ ಸ್ಥಾಪನೆಯಾದಾಗ ಸರ್ಕಾರದ ಪಾಲು ಶೇ 15. ಡಿ ಬಿಯರ್ಸ್ ಆಗ ಜಗತ್ತಿನ ವಜ್ರ ವ್ಯಾಪಾರವನ್ನೇ ಅಂಗೈಯಲ್ಲಿಟ್ಟುಕೊಂಡಿದ್ದ ಸಂಸ್ಥೆ. ಅದನ್ನು ಓಡಿಸಿ ಗಣಿಯನ್ನು ರಾಷ್ಟ್ರೀಕರಿಸುವ ದಾರಿಯನ್ನು ಅವರು ಹಿಡಿಯಲಿಲ್ಲ; ನಿಕ್ಷೇಪದ ಗಾತ್ರ ಸ್ಪಷ್ಟವಾಗುತ್ತಿದ್ದಂತೆ ಪಟ್ಟುಹಿಡಿದು ಮತ್ತೆ ಮಾತುಕತೆಗೆ ಕೂತು, 1975ರಲ್ಲಿ ಪಾಲನ್ನು ಶೇ 50ಕ್ಕೆ ಏರಿಸಿಕೊಂಡರು. ತೆರಿಗೆ ಮತ್ತು ರಾಯಧನ ಸೇರಿದರೆ ಲಾಭದ ಬಹುಪಾಲು ಬೊಕ್ಕಸಕ್ಕೆ ಬಂತು. ಆ ಹಣ ರಸ್ತೆ, ಶಾಲೆ, ಆಸ್ಪತ್ರೆ, ಕೊಳವೆಬಾವಿಗಳಾಯಿತು. 1976ರಲ್ಲಿ ದಕ್ಷಿಣ ಆಫ್ರಿಕಾದ ರ‍್ಯಾಂಡ್ ಬಿಟ್ಟು ಪುಲಾ ಎಂಬ ಸ್ವಂತ ನಾಣ್ಯ ಬಂತು. ಅದೇ ಹೊತ್ತಿಗೆ, ಲೆಸೊಥೊ ಜೊತೆಗಿನ ಜಂಟಿ ವಿಶ್ವವಿದ್ಯಾಲಯ ಒಡೆದಾಗ, ತಮ್ಮದೇ ವಿಶ್ವವಿದ್ಯಾಲಯ ಕಟ್ಟಲು ಒಬ್ಬೊಬ್ಬರೂ ಒಂದೊಂದು ದನ ಕೊಡಿ ಎಂದು ಸೆರೆಟ್ಸೆ ಜನರನ್ನು ಕೇಳಿದರು. ದನ ಇದ್ದವರು ದನ ಕೊಟ್ಟರು, ಇಲ್ಲದವರು ಧಾನ್ಯ ಕೊಟ್ಟರು, ಕೋಳಿಮೊಟ್ಟೆ ತಂದುಕೊಟ್ಟವರೂ ಇದ್ದರು. ವಜ್ರದ ಆದಾಯ ಆಗಲೇ ಬರುತ್ತಿತ್ತು. ಆದರೂ ಸಾರ್ವಜನಿಕ ಸಂಸ್ಥೆ ತಮ್ಮದೆಂಬ ಭಾವ ಜನರಲ್ಲಿ ಬರಬೇಕಾದರೆ ಅವರ ಕೈಯಿಂದಲೂ ಏನಾದರೂ ಸೇರಬೇಕು ಎಂಬ ತಿಳಿವಳಿಕೆ ಇದರ ಹಿಂದಿತ್ತು.

ವಜ್ರದ ವಾದಕ್ಕಿಂತ ಇತಿಹಾಸಕಾರರ ಇನ್ನೊಂದು ವಾದಕ್ಕೆ ಹೆಚ್ಚು ತೂಕವಿದೆ. ಬೋಟ್ಸ್ವಾನಾದ ಪ್ರಜಾಪ್ರಭುತ್ವ ಒಬ್ಬ ವ್ಯಕ್ತಿಯ ಕೊಡುಗೆಯಲ್ಲ, ಅದು ಕ್ಗೋಟ್ಲಾದ ಫಲ. ಅರಸನನ್ನು ಎದುರಿಗೇ ಪ್ರಶ್ನಿಸುವ ಪದ್ಧತಿ ಇದ್ದ ಸಮಾಜದಲ್ಲಿ ಸಂಸತ್ತು ಬೇರೂರಿದ್ದು ಸಹಜ ಎನ್ನುತ್ತಾರೆ ಅವರು. 1949ರ ಸಭೆಯನ್ನು ನೆನೆದರೆ ಇದನ್ನು ತಳ್ಳಿಹಾಕಲಾಗದು. ಆದರೆ ಲೆಸೊಥೊದಲ್ಲೂ ಪಿಟ್ಸೊ ಎಂಬ ಇಂಥದೇ ಜನಸಭೆಯಿತ್ತು. ಅದು 1970ರ ದೌರ್ಜನ್ಯವನ್ನು ತಡೆಯಲಿಲ್ಲ. ಮೇಲಾಗಿ ಸೆರೆಟ್ಸೆ ಸಂಪ್ರದಾಯವನ್ನು ಇದ್ದಂತೆ ಉಳಿಸಿದವರಲ್ಲ. ಮಾತಾಡುವ ಸಭೆಯನ್ನು ಉಳಿಸಿಕೊಂಡು, ಅರಸರ ಕೈಯಲ್ಲಿದ್ದ ಭೂಮಿ ಹಂಚುವ ಅಧಿಕಾರವನ್ನು 1968ರ ಕಾಯ್ದೆಯ ಮೂಲಕ ಭೂಮಂಡಳಿಗಳಿಗೆ ಕೊಟ್ಟರು. ಅರಸರ ಸದನಕ್ಕೆ ಸಲಹೆಯ ಸ್ಥಾನ ಮಾತ್ರ ಉಳಿಯಿತು. ಇದರಿಂದ ಕೆರಳಿದ ಬಂಗ್ವಾಕೆಟ್ಸೆ ಅರಸ ಎರಡನೇ ಬಾಥೊಯೆನ್ ಪಟ್ಟ ತೊರೆದು 1969ರಲ್ಲಿ ಚುನಾವಣೆಗೆ ನಿಂತು, ಉಪಾಧ್ಯಕ್ಷ ಮಸೀರೆಯವರನ್ನೇ ಸೋಲಿಸಿದ. ಸರ್ಕಾರ ಅವನನ್ನು ಸೆರೆಗೆ ತಳ್ಳಲಿಲ್ಲ. ಅವನು ಸಂಸತ್ತಿನ ವಿರೋಧ ಪಕ್ಷದ ಸಾಲಿನಲ್ಲಿ ಕೂತ. ಅರಸನೊಬ್ಬ ತನ್ನ ಅಸಮಾಧಾನವನ್ನು ಮತಪೆಟ್ಟಿಗೆಯ ಮೂಲಕವೇ ತೀರಿಸಿಕೊಳ್ಳಬೇಕಾಗಿ ಬಂದದ್ದು ಸಣ್ಣ ಸಾಧನೆಯಲ್ಲ. ಸೆರೆಟ್ಸೆಗೆ ಬಿದ್ದ ಮತಗಳಲ್ಲಿ ಹಳೆಯ ರಾಜನಿಷ್ಠೆಯ ಪಾಲು ದೊಡ್ಡದೇ ಇತ್ತು, ನಿಜ. ಆದರೆ ವಂಶದಿಂದ ಬಂದ ಆ ನಂಬಿಕೆಯನ್ನು ಅವರು ಖರ್ಚು ಮಾಡಿದ್ದು ವಂಶದ ಅಧಿಕಾರವನ್ನು ಕಳಚಲು.

ಈ ಕಥೆಗೆ ಕರಿನೆರಳಿಲ್ಲವೆಂದಲ್ಲ. ಸಂವಿಧಾನ ಎಂಟು ಟ್ಸ್ವಾನಾ ಕುಲಗಳ ಅರಸರಿಗೆ ಅರಸರ ಸದನದಲ್ಲಿ ಕಾಯಂ ಸ್ಥಾನ ಕೊಟ್ಟಿತು. ಕಲಂಗಾ, ಸಾನ್ ಮೊದಲಾದ ಸಮುದಾಯಗಳಿಗೆ ಆ ಮನ್ನಣೆ ಸಿಗಲಿಲ್ಲ. ಒಂದೇ ದೇಶ ಎಂಬ ಮಾತು ಪ್ರಬಲರ ಭಾಷೆಯಲ್ಲೇ ಒಂದಾಗಬೇಕು ಎಂಬ ಅರ್ಥಕ್ಕೆ ತಿರುಗಿತು. 1975ರ ಹುಲ್ಲುಗಾವಲು ನೀತಿ ಸಾಮೂಹಿಕ ಮೇವುನೆಲಕ್ಕೆ ಬೇಲಿ ಹಾಕಿ ದೊಡ್ಡ ಹಿಂಡಿನ ಒಡೆಯರಿಗೆ ಕೊಡಲು ದಾರಿ ಮಾಡಿತು. ಅದರ ಪೆಟ್ಟು ಬಿದ್ದದ್ದು ದನವಿಲ್ಲದ ಬಡವರಿಗೆ, ಅವರಿಗಿಂತ ಹೆಚ್ಚಾಗಿ ಬೇಟೆಯಾಡಿ ಬದುಕುತ್ತಿದ್ದ ಸಾನ್ ಜನರಿಗೆ. ಇದು ಸೆರೆಟ್ಸೆಯವರ ಕಾಲದ್ದೇ ತಪ್ಪು. ಅವರ ಸರ್ಕಾರದಲ್ಲಿ ದನದ ಒಡೆಯರದೇ ಮಾತು ನಡೆಯುತ್ತಿತ್ತು. ಮುಂದೆ 1997 ಮತ್ತು 2002ರಲ್ಲಿ ಸಾನ್ ಜನರನ್ನು ಮಧ್ಯ ಕಲಹಾರಿಯಿಂದ ಎತ್ತಂಗಡಿ ಮಾಡಿದ್ದು ಇದೇ ಕುರುಡುತನದ ಮುಂದುವರಿಕೆ. ಈ ಲೋಪವನ್ನು ಅಳೆಯುವ ಅಳತೆಗೋಲು ಹೊರಗಿನಿಂದ ತಂದದ್ದಲ್ಲ, ಸೆರೆಟ್ಸೆಯವರದೇ ಸೂತ್ರ ಅದು. ಬಣ್ಣದ ಹೆಸರಿನಲ್ಲಿ ಒಬ್ಬನನ್ನು ತನ್ನ ನೆಲದಿಂದ ಹೊರಗಿಡುವುದು ತಪ್ಪಾದರೆ, ಅಭಿವೃದ್ಧಿಯ ಹೆಸರಿನಲ್ಲಿ ಇಡೀ ಸಮುದಾಯವನ್ನು ಹೊರಗಿಡುವುದೂ ತಪ್ಪೇ. 2006ರಲ್ಲಿ ಆ ಎತ್ತಂಗಡಿ ಕಾನೂನುಬಾಹಿರ ಎಂದು ತೀರ್ಪಿತ್ತದ್ದು ಬೋಟ್ಸ್ವಾನಾದ ಹೈಕೋರ್ಟೇ. ಅನ್ಯಾಯ ನಡೆಯಿತು; ಅದನ್ನು ಅನ್ಯಾಯವೆಂದು ಸರ್ಕಾರದ ಮುಖಕ್ಕೆ ಹೇಳುವ ಸಂಸ್ಥೆಯೂ ಬದುಕಿತ್ತು.

ಕ್ಯಾನ್ಸರ್‌ನಿಂದ ನರಳಿ 1980ರ ಜುಲೈ 13ರಂದು ಸೆರೆಟ್ಸೆ ತೀರಿಕೊಂಡಾಗ ಅವರಿಗೆ 59 ವರ್ಷ. ಅಧಿಕಾರ ಸದ್ದುಗದ್ದಲವಿಲ್ಲದೆ ಮಸೀರೆಯವರಿಗೆ ಹಸ್ತಾಂತರವಾಯಿತು. ಸೆರೆಟ್ಸೆಯವರ ಮಗ ಇಯಾನ್ ಖಾಮಾ 2008ರಲ್ಲಿ ಅಧ್ಯಕ್ಷರಾದಾಗ ವಂಶದ ಆಳ್ವಿಕೆ ಮರಳಿತೇ ಎಂಬ ಪ್ರಶ್ನೆ ಎದ್ದಿತು. ಆದರೆ ಸಂವಿಧಾನದ ಹತ್ತು ವರ್ಷಗಳ ಮಿತಿ ಮುಗಿದಾಗ ಅವರೂ ಕುರ್ಚಿ ಬಿಟ್ಟಿಳಿದರು. ಕಠಿಣ ಪರೀಕ್ಷೆ ಬಂದದ್ದು 2024ರ ಅಕ್ಟೋಬರ್‌ನಲ್ಲಿ. ವಜ್ರದ ಮಾರುಕಟ್ಟೆ ಕುಸಿದು, ನಿರುದ್ಯೋಗ ಹೆಚ್ಚಿ, 58 ವರ್ಷ ಒಂದೇ ಸಮನೆ ಆಳಿದ ಸೆರೆಟ್ಸೆಯವರ ಪಕ್ಷ ನಾಲ್ಕೇ ನಾಲ್ಕು ಸ್ಥಾನಕ್ಕೆ ಇಳಿಯಿತು. ಸೋತ ಅಧ್ಯಕ್ಷರು ಸೋಲೊಪ್ಪಿಕೊಂಡರು, ಗೆದ್ದ ಡುಮಾ ಬೊಕೊ ಪ್ರಮಾಣವಚನ ಸ್ವೀಕರಿಸಿದರು. ಎಲ್ಲವನ್ನೂ ವಜ್ರವೇ ಕೊಟ್ಟಿದ್ದರೆ ವಜ್ರದ ಜೊತೆಗೇ ಎಲ್ಲವೂ ಕುಸಿಯಬೇಕಿತ್ತು. ಆದಾಯ ಕುಸಿದ ವರ್ಷದಲ್ಲೇ ಅಧಿಕಾರ ಶಾಂತವಾಗಿ ಕೈಬದಲಾಯಿಸಿದ್ದು, ಆ ನಾಡಿನ ನಿಜವಾದ ಆಸ್ತಿ ನಿಯಮಗಳಲ್ಲಿದೆ ಎಂಬುದಕ್ಕೆ ಸಾಕ್ಷಿ. ಬೇರೊಬ್ಬರ ಮನಸ್ಸಿಗೆ ಬಂದಂತೆ ಗದ್ದುಗೆ ಕಳೆದುಕೊಂಡ ಒಬ್ಬ ಮನುಷ್ಯ, ಮುಂದೆ ಯಾರ ಗದ್ದುಗೆಯೂ ಅವರವರ ಮನಸ್ಸಿಗೆ ಬಂದಂತೆ ನಡೆಯದಿರಲಿ ಎಂದು ಕಟ್ಟಿದ ವ್ಯವಸ್ಥೆ, ಕೊನೆಗೆ ಅವರದೇ ಪಕ್ಷವನ್ನು ಕೆಳಗಿಳಿಸುವಷ್ಟು ಗಟ್ಟಿಯಾಗಿತ್ತು. ರಾಜಕಾರಣಿಯೊಬ್ಬನ ಕೆಲಸಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಸಿಗಲಾರದು.